ನಿನ್ನ ತೋಳಿನಲ್ಲೇ ಹಾರ್ವೆಯ ಪ್ರಯೋಗ

ಚಿ. ಸ್ಮಿತಾಳಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ರಕ್ತಪರಿಚಲನೆಯ ಪಾಠ ಶುರುವಾಗಿದೆ ಎಂದು ಬರೆದಿದ್ದೀಯ. ಚಿತ್ರ ಬಾಯಿಪಾಠ ಮಾಡುವುದಕ್ಕೆ ಮುಂಚೆ, ರಕ್ತ ಮೈಯಲ್ಲಿ ಸುತ್ತುತ್ತದೆ ಎಂದು ತೋರಿಸಿದ ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ 1628ರ ಪುಸ್ತಕದಲ್ಲಿ ತೋರಿಸಿದ ತೋಳಿನ ಪರೀಕ್ಷೆಯನ್ನು ಮಾಡಿ ನೋಡು.

ಮೊಣಕೈಗಿಂತ ಮೇಲೆ, ತೋಳಿಗೆ ಅಗಲವಾದ ಬಟ್ಟೆ ಸುತ್ತಿ, ಮುಷ್ಟಿಯನ್ನು ನಾಲ್ಕಾರು ಸಲ ಬಿಗಿಹಿಡಿದು ಬಿಡು. ಮಣಿಕಟ್ಟಿನ ನಾಡಿ ಸಿಗುತ್ತಲೇ ಇರಬೇಕು. ಅದು ನಿಂತು ಕೈ ಬಿಳಿಚಿಕೊಂಡರೆ ಕಟ್ಟು ಹೆಚ್ಚು ಬಿಗಿಯಾಗಿದೆ ಎಂದರ್ಥ. ಆಗ ಹೃದಯದಿಂದ ರಕ್ತ ತರುವ ಅಪಧಮನಿಯೇ ಮುಚ್ಚಿ, ಕೈಗೆ ರಕ್ತ ಬರುವುದೇ ಇಲ್ಲ. ಸ್ವಲ್ಪ ಸಡಿಲಿಸಿದರೆ ಆಳದ ಅಪಧಮನಿ ತೆರೆಯುತ್ತದೆ, ರಕ್ತವನ್ನು ಹೃದಯಕ್ಕೆ ಹಿಂದೆ ಒಯ್ಯುವ, ಚರ್ಮದಡಿಯ ಅಭಿಧಮನಿ ಮುಚ್ಚಿಯೇ ಇರುತ್ತದೆ. ಒಳಬಂದ ರಕ್ತಕ್ಕೆ ಹಿಂದಿರುಗುವ ದಾರಿಯಿಲ್ಲದೆ, ನಾವು ಮನೆಮಾತಿನಲ್ಲಿ ನರ ಅನ್ನುತ್ತೇವಲ್ಲ, ಅವು ಉಬ್ಬುತ್ತವೆ. ಅವುಗಳ ಮೇಲೆ ಅಲ್ಲಲ್ಲಿ ಕಾಣುವ ಚಿಕ್ಕ ಗಂಟುಗಳೇ ಕವಾಟಗಳು, ರಕ್ತವನ್ನು ಒಂದೇ ದಿಕ್ಕಿಗೆ ಬಿಡುವ ಬಾಗಿಲುಗಳು.

ಈಗ ಒಂದು ಗಂಟಿನ ಕೆಳಗೆ, ಬೆರಳುಗಳ ಕಡೆಗೆ, ಒಂದು ಬೆರಳನ್ನು ಒತ್ತಿ ಹಿಡಿ. ಇನ್ನೊಂದು ಬೆರಳಿನಿಂದ ರಕ್ತವನ್ನು ಮೇಲಕ್ಕೆ ಸವರಿ ಗಂಟು ದಾಟಿಸಿ, ಆ ಬೆರಳು ತೆಗೆ. ನಡುವಿನ ತುಂಡು ಚಪ್ಪಟೆಯಾಗಿಯೇ ಉಳಿಯುತ್ತದೆ. ಮೇಲಿನಿಂದ ಕೆಳಕ್ಕೆ ಸವರಿದರೂ ರಕ್ತ ಗಂಟು ದಾಟಿ ಇಳಿಯುವುದಿಲ್ಲ. ಒತ್ತಿದ ಬೆರಳು ಬಿಟ್ಟೊಡನೆ ಕೆಳಗಿನಿಂದ ತಟ್ಟನೆ ತುಂಬಿಕೊಳ್ಳುತ್ತದೆ! ಅಂದರೆ ಅಭಿಧಮನಿಯಲ್ಲಿ ರಕ್ತ ಹೃದಯದ ಕಡೆಗಷ್ಟೇ ಹರಿಯುತ್ತದೆ. ಎರಡು ನಿಮಿಷಕ್ಕಿಂತ ಹೆಚ್ಚು ಹೊತ್ತು ಕಟ್ಟನ್ನು ಕೈಮೇಲೆ ಇಟ್ಟುಕೊಳ್ಳಬೇಡ, ಬಿಚ್ಚಿಬಿಡು. ಚಳಿಗೆ ನರ ಕಾಣದಿದ್ದರೆ ಕೈಯನ್ನು ಬೆಚ್ಚಗಿನ ನೀರಿನಲ್ಲಿಡು. ತುಂಡು ತಾನಾಗಿ ತುಂಬಿದರೆ ನಡುವೆ ಕವಲು ಸೇರಿರುತ್ತದೆ, ಬೇರೆ ಜಾಗ ಹುಡುಕು.

ಈ ಕವಾಟಗಳನ್ನು ಇಟಲಿಯ ಪಡುವಾದಲ್ಲಿ ಹಾರ್ವೆಯ ಗುರು ಫ್ಯಾಬ್ರಿಷಿಯಸ್ 1603ರಲ್ಲೇ ಚಿತ್ರಸಹಿತ ವಿವರಿಸಿದ್ದರು. ಆದರೆ ರಕ್ತ ಯಕೃತ್ತಿನಲ್ಲಿ ಹುಟ್ಟಿ ಅಂಗಾಂಗಗಳತ್ತ ಹರಿದು ಅಲ್ಲೇ ಖರ್ಚಾಗುತ್ತದೆ ಎಂಬ ಪ್ರಾಚೀನ ವೈದ್ಯ ಗ್ಯಾಲೆನ್‌ನ ಮಾತು ಅವರ ತಲೆಯಲ್ಲಿ ಕೂತಿತ್ತು. ಹಾಗಾಗಿ ಕವಾಟಗಳು ಹೊರಹರಿವಿನ ವೇಗ ತಗ್ಗಿಸಲಿಕ್ಕಿವೆ ಎಂದುಕೊಂಡರು. ಕಣ್ಣಿಗೆ ಬಿದ್ದದ್ದನ್ನು ಹಳೆಯ ಮಾತಿಗೆ ಹೊಂದಿಸಿಬಿಡುವ ಈ ತಪ್ಪು ನಿನ್ನ ಪ್ರಯೋಗದ ದಾಖಲೆ ಪುಸ್ತಕದಲ್ಲೂ ನುಸುಳಬಹುದು, ಜೋಕೆ.

ಹಾರ್ವೆ ಲೆಕ್ಕವನ್ನೂ ಹಾಕಿದ. ಹೃದಯ ಹೊರದೂಡುವ ರಕ್ತ ಪ್ರತಿ ಬಡಿತಕ್ಕೆ ಅರ್ಧ ಔನ್ಸ್, ಅರ್ಧ ಗಂಟೆಗೆ ಬರೀ 1000 ಬಡಿತ ಎಂದಿಟ್ಟುಕೊಂಡರೂ 500 ಔನ್ಸ್ ಆಯಿತು, ಸುಮಾರು 15 ಕಿಲೋ. ಮೈಯಲ್ಲಿರುವ ರಕ್ತವೇ ಅಷ್ಟಿಲ್ಲ, ತಿಂದ ಅನ್ನ ಅಷ್ಟು ಹೊಸ ರಕ್ತ ಕೊಡಲಾರದು. ಹಾಗಾದರೆ ಅದೇ ರಕ್ತ ಸುತ್ತಿ ಬರಲೇಬೇಕು. ಬೇಕೆಂದೇ ಕಡಿಮೆ ಅಂಕಿ ಹಿಡಿದದ್ದು ಈ ವಾದದ ಬಲ. ಈಗಿನ ಅಳತೆಯಲ್ಲಿ ಬಡಿತಕ್ಕೆ ಸುಮಾರು 70 ಮಿಲಿಲೀಟರ್, ನಿಮಿಷಕ್ಕೆ 70 ಬಡಿತ, ಅಂದರೆ ಐದು ಲೀಟರ್ ಹತ್ತಿರ.

ಹೃದಯದ ಚಲನೆ ನೋಡಲು ಅವನು ಕಪ್ಪೆ, ಹಾವು, ಮೀನುಗಳನ್ನು ಆರಿಸಿದ. ಬಿಸಿರಕ್ತದ ಪ್ರಾಣಿಯ ಗುಂಡಿಗೆ ರೆಪ್ಪೆ ಮುಚ್ಚಿ ತೆರೆಯುವಷ್ಟರಲ್ಲಿ ಬಡಿದು ಮುಗಿಸುತ್ತದೆ, ಇವುಗಳದ್ದು ನಿಧಾನ. ಗುಂಡಿಗೆ ಗಟ್ಟಿಯಾಗಿ ಕುಗ್ಗಿ ಬಿಳಿಚಿಕೊಳ್ಳುವ ಗಳಿಗೆಯಲ್ಲೇ ಅಪಧಮನಿ ಉಬ್ಬುವುದು ಅಲ್ಲಿ ಕಂಡಿತು. ಕುಗ್ಗುವುದೇ ಅದರ ಕೆಲಸ ಎಂಬುದು ಹೀಗೆ ಖಚಿತವಾಯಿತು.

ಅಪಧಮನಿಯಿಂದ ಅಭಿಧಮನಿಗೆ ರಕ್ತ ದಾಟುವ ಜಾಗವನ್ನು ಮಾತ್ರ ಅವನು ನೋಡಲೇ ಇಲ್ಲ. 1657ರಲ್ಲಿ ತೀರಿಕೊಂಡ. 1661ರಲ್ಲಿ ಇಟಲಿಯ ವಿಜ್ಞಾನಿ ಮಾಲ್ಪಿಗಿ ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಡಿ ಇಟ್ಟು ಇವೆರಡನ್ನೂ ಜೋಡಿಸುವ ಕೂದಲಿನಷ್ಟು ಸಣ್ಣ ನಾಳಗಳನ್ನು, ಅಂದರೆ ಲೋಮನಾಳಗಳನ್ನು ಕಂಡ.

ಮೊದಲು ಬಲಗೈಯಲ್ಲಿ ಬೇಡ, ಎಡಗೈಯಲ್ಲಿ ಮಾಡು. ಕಟ್ಟು ಕಟ್ಟಲು ಗೆಳತಿಯೊಬ್ಬಳು ಜೊತೆಗಿರಲಿ. ಎಷ್ಟು ಗಂಟು ಸಿಕ್ಕಿತು, ಯಾವುದು ತಾನಾಗಿ ತುಂಬಿತು ಎಂದು ತೋಳಿನ ಚಿತ್ರ ಬರೆದು ಗುರುತುಮಾಡಿ ಕಳಿಸು.

ನಿನ್ನ ದೊಡ್ಡಪ್ಪ