ನೇರವಾಗಿ ಹಾಕಿ ಅಂದಿರಿ, ಹೋಲ್ಡರ್ ಕರಗಿತು: ಹೆಡ್‌ಲೈಟ್ ಬಲ್ಬ್ ಕಂಪನಿಗೆ ದೂರು ಪತ್ರ

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ

ವಿಷಯ: ನಿಮ್ಮ ಎಚ್4 ಹೆಡ್‌ಲೈಟ್ ಬಲ್ಬ್‌ಗಳಿಂದ ಕಾರಿನ ಹೋಲ್ಡರ್ ಮತ್ತು ರಿಫ್ಲೆಕ್ಟರ್ ಹಾಳಾದ ಬಗ್ಗೆ

ಮಾನ್ಯರೇ,

ನಿಮ್ಮ ಕಂಪನಿಯ ಒಂದು ಜೊತೆ ಎಚ್4 ಹ್ಯಾಲೊಜೆನ್ ಬಲ್ಬ್‌ಗಳನ್ನು ನನ್ನ ಕಾರಿಗೆ ಹಾಕಿಸಿದ್ದೆ. ದೂರಕ್ಕೆ ಬೀಳುವ ಹೈಬೀಮ್, ಹತ್ತಿರಕ್ಕೆ ಬೀಳುವ ಲೋಬೀಮ್ ಎರಡೂ ಒಂದೇ ಬಲ್ಬಿನಲ್ಲಿರುವ ಬಗೆ ಇದು. ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಮೂರು ಮಾತು ಬರೆದಿದ್ದೀರಿ. "200% ಹೆಚ್ಚು ಬೆಳಕು", "5000 ಕೆಲ್ವಿನ್ ಬಿಳಿ ಬೆಳಕು", "ಯಾವ ಬದಲಾವಣೆಯೂ ಬೇಡ, ನೇರವಾಗಿ ಹಾಕಿ". ಮೊದಲ ಎರಡು ಮಾತು ದಾರಿ ತಪ್ಪಿಸುತ್ತವೆ. ಮೂರನೆಯದು ಅಪಾಯಕಾರಿ. ಈಗ ಎಡಗಡೆಯ ಹೋಲ್ಡರ್ ಕರಗಿ ಬಲ್ಬಿನ ಪಿನ್ನಿಗೆ ಅಂಟಿಕೊಂಡಿದೆ. ವೈರಿನ ತುದಿಯ ಪ್ಲಾಸ್ಟಿಕ್ ಸುಟ್ಟು ಕಪ್ಪಾಗಿದೆ. ಎರಡೂ ಕಡೆ ಬಲ್ಬಿನ ಮೇಲ್ಗಡೆ, ಬೆಳಕನ್ನು ಮುಂದಕ್ಕೆ ತಿರುಗಿಸುವ ರಿಫ್ಲೆಕ್ಟರಿನ ಬೆಳ್ಳಿ ಬಣ್ಣ ಮಂಕಾಗಿ ಕಂದು ತಿರುಗಿದೆ. ಹಳೆ ಬಲ್ಬ್ ಮತ್ತೆ ಹಾಕಿದರೂ ಮೊದಲಿನ ಬೆಳಕು ಬರುತ್ತಿಲ್ಲ.

ನಿಮ್ಮ ಗ್ರಾಹಕ ಸೇವೆಗೆ ಫೋನ್ ಮಾಡಿದೆ. ಬಲ್ಬಿನ ಗಾಜನ್ನು ಕೈಯಲ್ಲಿ ಮುಟ್ಟಿರಬೇಕು ಅಂದರು. ಲೋಡ್ ಜಾಸ್ತಿಯಾಗಿದ್ದರೆ ಫ್ಯೂಸ್ ಹೋಗುತ್ತಿತ್ತು, ಹೋಗಿಲ್ಲ ಅಂದಮೇಲೆ ತೊಂದರೆ ನಿಮ್ಮ ಕಾರಿನದೇ ಅಂತಲೂ ಹೇಳಿದರು. ಈ ಎರಡೂ ಉತ್ತರ ನಾನು ಒಪ್ಪುವುದಿಲ್ಲ.

ಗಾಜಿನ ಮಾತು ಮೊದಲು. ಹ್ಯಾಲೊಜೆನ್ ಬಲ್ಬಿನ ಗಾಜಿಗೆ ಬೆರಳಿನ ಜಿಡ್ಡು ತಾಗಿದರೆ ಆ ಜಾಗ ವಿಪರೀತ ಬಿಸಿಯಾಗಿ ಬಲ್ಬ್ ಬೇಗ ಹೋಗುತ್ತದೆ, ಕೆಲವೊಮ್ಮೆ ಗಾಜು ಒಡೆಯುತ್ತದೆ. ನಿಮ್ಮ ಬಲ್ಬ್‌ಗಳು ಹೋಗಿಲ್ಲ, ಇವತ್ತಿಗೂ ಉರಿಯುತ್ತವೆ. ಕರಗಿದ್ದು ಹೋಲ್ಡರ್. ಅದಕ್ಕೂ ಬೆರಳಿಗೂ ಏನು ಸಂಬಂಧ?

ಇನ್ನು ಫ್ಯೂಸ್. ನನ್ನ ಕಾರಿಗೆ ತಯಾರಕರು ಹಾಕಿ ಕೊಟ್ಟದ್ದು 60/55 ವಾಟಿನ ಬಲ್ಬ್. ಹೈಬೀಮಿಗೆ 60, ಲೋಬೀಮಿಗೆ 55. ನಿಮ್ಮದು 100/90 ವಾಟ್. ಈ ಸಂಖ್ಯೆ ಡಬ್ಬಿಯ ಮುಂದೆ ಎಲ್ಲೂ ಇಲ್ಲ. ತಳದಲ್ಲಿ ಬಾರ್‌ಕೋಡಿನ ಪಕ್ಕ ಸಣ್ಣದಾಗಿ ಅಚ್ಚಾಗಿದೆ. 12 ವೋಲ್ಟಿನ ಲೆಕ್ಕದಲ್ಲಿ ಹಳೆ ಬಲ್ಬಿನ ಲೋಬೀಮ್ ಸುಮಾರು 4.6 ಆಂಪಿಯರ್ ಎಳೆಯುತ್ತಿತ್ತು, ನಿಮ್ಮದು 7.5 ಎಳೆಯುತ್ತದೆ. ನನ್ನ ಕಾರಿನಲ್ಲಿ ಒಂದೊಂದು ಬದಿಗೂ 10 ಆಂಪಿಯರ್ ಫ್ಯೂಸ್ ಇದೆ. 7.5ಕ್ಕೆ ಅದು ಯಾಕೆ ಹೋಗಬೇಕು? ಹೋಗಬಾರದು ಕೂಡ. ಆದರೆ ವೈರ್ ಮತ್ತು ಪಿನ್ನಿನಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗದ ಲೆಕ್ಕದಲ್ಲಿ, ಅಂದರೆ ಕರೆಂಟ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು ಅನ್ನುವಂತೆ, ಏರುತ್ತದೆ. ಇಲ್ಲಿ ಕರೆಂಟ್ ಸುಮಾರು 1.6 ಪಟ್ಟಾಗಿದೆ, ಬಿಸಿ ಎರಡೂವರೆ ಪಟ್ಟು ದಾಟುತ್ತದೆ. ಪಿನ್ ಮತ್ತು ಹೋಲ್ಡರ್ ಕೂಡುವ ಜಾಗದಲ್ಲೇ ಅದು ಅತಿ ಹೆಚ್ಚು. ಅಲ್ಲಿ ಪ್ಲಾಸ್ಟಿಕ್ ಕರಗುತ್ತಿದೆ ಅಂತ ಫ್ಯೂಸಿಗೆ ಗೊತ್ತಾಗುವುದಿಲ್ಲ. ಬಲ್ಬ್ ತಯಾರಿಸುವ ಕಂಪನಿಗೆ ಇದು ಗೊತ್ತಿಲ್ಲ ಅಂದರೆ ನಂಬುವುದು ಕಷ್ಟ.

ಇಷ್ಟು ವಾಟಿನ ಬಲ್ಬ್ ಹಾಕುವುದಾದರೆ ಬ್ಯಾಟರಿಯಿಂದ ನೇರವಾಗಿ ದಪ್ಪ ವೈರ್ ಎಳೆದು, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್) ಕೂರಿಸಿ, ಬಿಸಿ ತಡೆಯುವ ಸೆರಾಮಿಕ್ ಹೋಲ್ಡರ್ ಹಾಕಬೇಕು. ಹಾಗೆ ಮಾಡಿದರೂ ರಿಫ್ಲೆಕ್ಟರಿಗೆ ಬೀಳುವ ಬಿಸಿ ಕಡಿಮೆಯಾಗುವುದಿಲ್ಲ. ಇದನ್ನೆಲ್ಲ ಹೇಳಬೇಕಾದ ಜಾಗದಲ್ಲಿ ನೀವು "ಯಾವ ಬದಲಾವಣೆಯೂ ಬೇಡ" ಅಂತ ಅಚ್ಚು ಹಾಕಿದ್ದೀರಿ. ನನ್ನ ದೂರಿನ ಮುಖ್ಯ ಅಂಶವೇ ಇದು.

ಹೋಗಲಿ, ಬೆಳಕಾದರೂ ಜಾಸ್ತಿ ಸಿಕ್ಕಿತಾ? ಅದೂ ಇಲ್ಲ. ಎಂಜಿನ್ ಓಡುತ್ತಿರುವಾಗ ಲೈಟ್ ಹಾಕಿ ಎಲೆಕ್ಟ್ರಿಷಿಯನ್ ಮೀಟರ್ ಹಿಡಿದು ನೋಡಿದರು. ಬ್ಯಾಟರಿಯಲ್ಲಿ 13.8 ವೋಲ್ಟ್ ಇತ್ತು, ಬಲಗಡೆಯ ಸುಟ್ಟಿಲ್ಲದ ಹೋಲ್ಡರಿನಲ್ಲಿ 12.1. ವೋಲ್ಟೇಜ್ ಶೇಕಡ 10ರಷ್ಟು ಬಿದ್ದರೆ ಹ್ಯಾಲೊಜೆನ್ ಬಲ್ಬಿನ ಬೆಳಕು ಶೇಕಡ 30ರ ಹತ್ತಿರ ಬೀಳುತ್ತದೆ. ಇಲ್ಲಿ ಬಿದ್ದಿರುವುದು ಅದಕ್ಕಿಂತ ಜಾಸ್ತಿ. ಅಂದರೆ ವಾಟ್ ಏರಿಸಿದ್ದರ ಒಂದು ಪಾಲು ವೈರನ್ನು ಬಿಸಿ ಮಾಡಲು ಹೋಯಿತು.

ಇನ್ನೊಂದು ಪಾಲನ್ನು ನೀಲಿ ಬಣ್ಣ ತಿಂದಿತು. ಬಲ್ಬಿನೊಳಗಿನ ಟಂಗ್‌ಸ್ಟನ್ ತಂತಿ ಸುಮಾರು 3,420 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಕೆಲ್ವಿನ್ ಲೆಕ್ಕದಲ್ಲಿ ಅದು 3,700ರ ಆಸುಪಾಸು. ಇಂಥ ಬಲ್ಬಿನಲ್ಲಿ ತಂತಿ ಎಷ್ಟು ಬಿಸಿಯೋ ಬೆಳಕಿನ ಬಣ್ಣ ಹೇಳುವ ಕೆಲ್ವಿನ್ ಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ. ಹಾಗಿದ್ದಮೇಲೆ ಅದೇ ತಂತಿಯಿಂದ 5000 ಕೆಲ್ವಿನ್ ಬೆಳಕು ಎಲ್ಲಿಂದ ಬರಬೇಕು? ಗಾಜಿಗೆ ನೀಲಿ ಲೇಪನ ಕೊಟ್ಟು ಹಳದಿ, ಕೆಂಪು ಬೆಳಕನ್ನು ತಡೆದಿದ್ದೀರಿ. ನೋಡಲು ಬೆಳ್ಳಗೆ ಕಾಣುತ್ತದೆ, ರಸ್ತೆಗೆ ಬೀಳುವುದು ಕಡಿಮೆಯಾಗುತ್ತದೆ. ಮಳೆ ಬಂದ ರಾತ್ರಿ ರಸ್ತೆಯ ಅಂಚು ನನಗೆ ಸರಿಯಾಗಿ ಕಾಣುತ್ತಲೇ ಇರಲಿಲ್ಲ. 200% ಅನ್ನುವುದು ಯಾವುದಕ್ಕೆ ಹೋಲಿಸಿ ಅಂತಲೂ ಬರೆದಿಲ್ಲ. ವಾಹನದ ಬಲ್ಬ್‌ಗಳ ಬಗ್ಗೆ ಇರುವ ವಿಶ್ವಸಂಸ್ಥೆಯ 37ನೇ ನಿಯಮದ ಪ್ರಕಾರ ಎಚ್4 ಬಲ್ಬಿಗೆ 13.2 ವೋಲ್ಟಿನಲ್ಲಿ ಹೈಬೀಮಿಗೆ 1650, ಲೋಬೀಮಿಗೆ 1000 ಲ್ಯೂಮೆನ್ (ಬಲ್ಬ್ ಕೊಡುವ ಬೆಳಕಿನ ಅಳತೆ), ಶೇಕಡ 15 ಆಚೀಚೆ. ನಿಮ್ಮ ಬಲ್ಬಿನ ಲ್ಯೂಮೆನ್ ಎಷ್ಟು? ಡಬ್ಬಿಯಲ್ಲಿ ಇಲ್ಲ. ಆ ನಿಯಮದ ಒಪ್ಪಿಗೆ ತೋರಿಸುವ 'ಇ' ಗುರುತೂ ಬಲ್ಬಿನ ಮೇಲೆ ಇಲ್ಲ.

ನನ್ನ ನಷ್ಟಕ್ಕಿಂತ ನನಗೆ ಜಾಸ್ತಿ ಸಂಕಟವಾಗಿರುವುದು ಮುಂದಿನ ವಿಷಯ. ಲೋಬೀಮಿನಲ್ಲೇ ಹೋಗುತ್ತಿದ್ದರೂ ಎದುರಿನಿಂದ ಬರುವವರು ಮತ್ತೆ ಮತ್ತೆ ಡಿಮ್-ಡಿಪ್ ಮಾಡುತ್ತಿದ್ದರು. ಒಂದು ಬೈಕಿನವರು ಕಣ್ಣಿಗೆ ಕೈ ಅಡ್ಡ ಹಿಡಿದು ರಸ್ತೆಯ ಪಕ್ಕಕ್ಕೇ ಇಳಿದರು. ಆಮೇಲೆ ಗೋಡೆಯ ಮುಂದೆ ಕಾರು ನಿಲ್ಲಿಸಿ, ಬಲಗಡೆಯ ಲೈಟಿಗೆ ಹಳೆ ಬಲ್ಬ್ ಒಮ್ಮೆ, ನಿಮ್ಮದು ಒಮ್ಮೆ ಹಾಕಿ ನೋಡಿದೆವು. ಹಳೆಯದರಲ್ಲಿ ಬೆಳಕು ಒಂದು ಗೆರೆಗೆ ನಿಲ್ಲುತ್ತದೆ, ಮೇಲೆ ಕತ್ತಲು. ನಿಮ್ಮದರಲ್ಲಿ ಗೆರೆಯೇ ಇಲ್ಲ, ಬೆಳಕು ಮೇಲಕ್ಕೆಲ್ಲ ಹರಡಿದೆ. ಎಚ್4 ಬಲ್ಬಿನಲ್ಲಿ ಲೋಬೀಮಿನ ತಂತಿಯ ಕೆಳಗೆ ಒಂದು ಪುಟ್ಟ ಲೋಹದ ತಟ್ಟೆ ಇರುತ್ತದೆ. ಬೆಳಕು ರಿಫ್ಲೆಕ್ಟರಿನ ಕೆಳಭಾಗಕ್ಕೆ ಬಿದ್ದು ಎದುರಿನವರ ಕಣ್ಣಿಗೆ ಹೊಡೆಯದಂತೆ ತಡೆಯುವುದು ಅದೇ. ನಿಮ್ಮ ಬಲ್ಬಿನಲ್ಲಿ ಆ ತಟ್ಟೆ ವಾಲಿದೆ. ಬರಿಗಣ್ಣಿಗೇ ಕಾಣುತ್ತದೆ, ಫೋಟೋ ಕಳಿಸಿದ್ದೇನೆ. ಇದು ಕೂದಲೆಳೆಯ ಲೆಕ್ಕದಲ್ಲಿ ಸರಿಯಿರಬೇಕಾದ ವಸ್ತು. ಆ ಬೈಕಿನವರಿಗೆ ಏನಾದರೂ ಆಗಿದ್ದರೆ ನೀವು ಏನು ಉತ್ತರ ಕೊಡುತ್ತಿದ್ದಿರಿ?

ಬಲ್ಬಿನ ಹಣ ಪೂರ್ತಿ ವಾಪಸ್ ಕೊಡಿ. ಹೋಲ್ಡರ್, ವೈರ್ ಮತ್ತು ಎರಡೂ ಹೆಡ್‌ಲೈಟ್ ಬದಲಿಸುವ ಖರ್ಚು ಭರಿಸಿ. ಬಿಲ್ ಮತ್ತು ಎಲೆಕ್ಟ್ರಿಷಿಯನ್ ಬರೆದುಕೊಟ್ಟ ವರದಿ ಜೊತೆಗಿವೆ. ಕರಗಿದ ಹೋಲ್ಡರನ್ನು ಬಲ್ಬಿನ ಸಮೇತ ಎತ್ತಿಟ್ಟಿದ್ದೇನೆ. ನಿಮ್ಮವರು ಬಂದು ನೋಡಬಹುದು, ಆದರೆ ಅದನ್ನು ಕೊಟ್ಟು ಕಳಿಸುವುದಿಲ್ಲ.

ಹಣ ಕೊಟ್ಟು ನನ್ನನ್ನು ಸುಮ್ಮನಾಗಿಸಿದರೆ ಸಾಲದು. ವಾಟ್ ಎಷ್ಟು ಅನ್ನುವುದು ಡಬ್ಬಿಯ ಮುಂದೆ ದೊಡ್ಡದಾಗಿ ಬರಬೇಕು. "ನೇರವಾಗಿ ಹಾಕಿ" ಅನ್ನುವ ಮಾತು ಹೋಗಬೇಕು. ಅಲ್ಲಿಯವರೆಗೆ ಮಾರಾಟ ನಿಲ್ಲಿಸಿ. ಈಗಾಗಲೇ ಕೊಂಡವರಿಗೆ ಹೋಲ್ಡರ್ ತೆಗೆಸಿ ನೋಡಿ ಅಂತ ತಿಳಿಸಿ. ಅವರಲ್ಲಿ ಎಷ್ಟೋ ಜನ ಬಾನೆಟ್ ಒಳಗೆ ಪ್ಲಾಸ್ಟಿಕ್ ಕರಗುತ್ತಿರುವುದು ಗೊತ್ತಿಲ್ಲದೆ ಇವತ್ತು ರಾತ್ರಿಯೂ ಗಾಡಿ ಓಡಿಸುತ್ತಿರಬಹುದು.

ಈ ಪತ್ರ ತಲುಪಿದ 15 ದಿನದೊಳಗೆ ಲಿಖಿತ ಉತ್ತರ ಬೇಕು. ಬಾರದಿದ್ದರೆ ಇದೇ ದಾಖಲೆಗಳ ಜೊತೆ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಗಳ ಬಳಿ ಹೋಗುತ್ತೇನೆ.

ಇಂತಿ,
ನಿಮ್ಮ ಗ್ರಾಹಕ

ಲಗತ್ತು: ಬಿಲ್, ಡಬ್ಬಿಯ ನಾಲ್ಕೂ ಬದಿಯ ಫೋಟೋ, ಹೋಲ್ಡರ್ ಮತ್ತು ಗೋಡೆಯ ಮೇಲಿನ ಬೆಳಕಿನ ಫೋಟೋ, ಎಲೆಕ್ಟ್ರಿಷಿಯನ್ ವರದಿ