ಸರ್ವರ್ ಸರಿಯಾಗಿಯೇ ಇತ್ತು

ಮಾನ್ಯ ಸಂಪಾದಕರೇ,

ಆನ್‌ಲೈನ್ ಸೇವೆ ಕೊಡುವ ಕಚೇರಿಗಳ ಬಾಗಿಲಿಗೆ ಆಗಾಗ ಅಂಟಿಸುವ ‘ಸರ್ವರ್ ಡೌನ್’ ಚೀಟಿಯ ಕುರಿತು ಈ ಪತ್ರ. ಹಾಸನದ ಒಂದು ಸಂಸ್ಥೆಯಲ್ಲಿ ಈಚೆಗೆ ಎರಡು ದಿನ ಅಂಥ ಚೀಟಿ ಇತ್ತು. ಆಲೂರು, ಅರಕಲಗೂಡು ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಬಂದವರು ಅರ್ಜಿ ಸಲ್ಲಿಸಲಾಗದೆ ಹಿಂದಿರುಗಿದರು. ಅಲ್ಲಿನ ತಂತ್ರಾಂಶ ನೋಡಿಕೊಳ್ಳುವ ಯುವಕ ನನ್ನ ಹಳೆಯ ವಿದ್ಯಾರ್ಥಿಯಾದ್ದರಿಂದ, ಅವನು ಕರೆದಾಗ ಹೋಗಿ ನೋಡಿದೆ. ಸರ್ವರ್, ಅಂದರೆ ಜಾವಾ ಭಾಷೆಯ ವೆಬ್ ಅಪ್ಲಿಕೇಶನ್‌ಗಳನ್ನು ಓಡಿಸುವ ಟಾಮ್‌ಕ್ಯಾಟ್ ತಂತ್ರಾಂಶ, ಸರಿಯಾಗಿಯೇ ಓಡುತ್ತಿತ್ತು. ಅದರೊಳಗಿನ ಅಪ್ಲಿಕೇಶನ್ ಮಾತ್ರ ಶುರುವಾಗಲು ಒಪ್ಪದೆ, ಯಾವ ಪುಟ ತೆರೆದರೂ ‘ಪುಟ ಸಿಗಲಿಲ್ಲ’ ಎಂಬ 404 ಸಂದೇಶ ಬರುತ್ತಿತ್ತು.

ಕಾರಣ, ಸರ್ವರ್ ತನ್ನ ಆಗುಹೋಗು ಬರೆದಿಡುವ ಲಾಗ್ ಕಡತದಲ್ಲಿ ಸ್ಪಷ್ಟವಾಗಿಯೇ ಇತ್ತು: ಎರಡು ಸರ್ವ್‌ಲೆಟ್‌ಗಳನ್ನು (ವೆಬ್ ವಿಳಾಸಕ್ಕೆ ಬಂದ ಕೋರಿಕೆಗೆ ಉತ್ತರಿಸುವ ಜಾವಾ ತುಣುಕುಗಳನ್ನು) ಒಂದೇ ಯುಆರ್‌ಎಲ್ ವಿಳಾಸಕ್ಕೆ ಜೋಡಿಸಲಾಗಿದೆ, ಇದಕ್ಕೆ ಅನುಮತಿಯಿಲ್ಲ ಎಂದು ಎರಡರ ಹೆಸರನ್ನೂ ವಿಳಾಸವನ್ನೂ ಅದು ಬರೆದಿಟ್ಟಿತ್ತು. ಒಂದೇ ನಿವೇಶನಕ್ಕೆ ಇಬ್ಬರ ಹೆಸರಿನಲ್ಲಿ ಬೇರೆ ಬೇರೆ ಖಾತೆ ಮಾಡಿಕೊಟ್ಟಂಥ ಸ್ಥಿತಿ. ಯಾರದು ನಿಜವೆಂದು ಟಾಮ್‌ಕ್ಯಾಟ್ ಊಹಿಸಲು ಹೋಗುವುದಿಲ್ಲ. ಇಡೀ ಅಪ್ಲಿಕೇಶನ್ನನ್ನೇ ನಿಲ್ಲಿಸಿಬಿಡುತ್ತದೆ. ನನ್ನ ದೃಷ್ಟಿಯಲ್ಲಿ ಅದು ಸರಿಯಾದ ನಡೆಯೇ.

ಈ ತೊಡಕಿಗೆ ಒಂದು ಹಿನ್ನೆಲೆಯಿದೆ. ಮೊದಲು ಯಾವ ವಿಳಾಸಕ್ಕೆ ಯಾವ ಸರ್ವ್‌ಲೆಟ್ ಎಂಬುದನ್ನು ವೆಬ್.ಎಕ್ಸ್‌ಎಂಎಲ್ ಎಂಬ ಸಂರಚನಾ ಕಡತದಲ್ಲಿ ಬರೆಯುತ್ತಿದ್ದರು. 2009ರ ಕೊನೆಯಲ್ಲಿ ಬಂದ ಸರ್ವ್‌ಲೆಟ್ 3.0 ಆವೃತ್ತಿಯಿಂದ ಅದನ್ನೇ ಅನೋಟೇಶನ್ ಎಂಬ ಟಿಪ್ಪಣಿಯಾಗಿ ಕ್ಲಾಸಿನ, ಅಂದರೆ ಸರ್ವ್‌ಲೆಟ್‌ನ ಕೋಡ್ ಇರುವ ಘಟಕದ, ಮೇಲೆಯೇ ಬರೆಯಬಹುದಾಯಿತು. ಎರಡೂ ಕಡೆ ಹೆಸರು ಒಂದೇ ಇದ್ದರೆ ವೆಬ್.ಎಕ್ಸ್‌ಎಂಎಲ್‌ನ ಮಾತು ನಡೆಯುತ್ತದೆ. ಆದರೆ ಅನೋಟೇಶನ್ನಿನಲ್ಲಿ ಹೆಸರು ಕೊಡದಿದ್ದರೆ ಪ್ಯಾಕೇಜ್ (ಕ್ಲಾಸುಗಳ ಗುಂಪು) ಹೆಸರಿನ ಸಮೇತ ಕ್ಲಾಸಿನ ಪೂರ್ಣ ಹೆಸರೇ ಸರ್ವ್‌ಲೆಟ್‌ನ ಹೆಸರಾಗುವುದರಿಂದ, ಒಂದೇ ಕ್ಲಾಸು ಎರಡು ಹೆಸರಿನಲ್ಲಿ ಒಂದೇ ವಿಳಾಸ ಕೇಳಿದಂತಾಗುತ್ತದೆ. ನಮ್ಮ ಹುಡುಗ ಮೊದಲ ದಿನವೇ ಇದನ್ನು ಕಂಡುಹಿಡಿದು ವೆಬ್.ಎಕ್ಸ್‌ಎಂಎಲ್‌ನ ಸಾಲುಗಳನ್ನು ತೆಗೆದಿದ್ದ. ಅವನ ಲ್ಯಾಪ್‌ಟಾಪಿನಲ್ಲಿ ಎಲ್ಲವೂ ಸರಿಹೋಯಿತು, ಸರ್ವರಿನಲ್ಲಿ ಆಗಲಿಲ್ಲ.

ಲಾಗನ್ನು ಮತ್ತೊಮ್ಮೆ ನಿಧಾನವಾಗಿ ಓದಿದಾಗ, ಅಲ್ಲಿದ್ದ ಎರಡು ಹೆಸರುಗಳಲ್ಲಿ ಒಂದು ಅವನು ಹಿಂದಿನ ತಿಂಗಳೇ ಹೆಸರು ಬದಲಿಸಿದ್ದ ಕ್ಲಾಸಿನದೆಂದು ಗೊತ್ತಾಯಿತು. ಸರ್ವರಿಗೆ ಇಡೀ ಅಪ್ಲಿಕೇಶನ್ನನ್ನು ಒಂದೇ ಕಟ್ಟಾಗಿಸಿದ ವಾರ್ ಕಡತವನ್ನು ಹಾಕುವ ಬದಲು, ಬದಲಾದ ಕಡತಗಳನ್ನಷ್ಟೇ ಹಳೆಯ ಫೋಲ್ಡರಿನ ಮೇಲೆ ನಕಲು ಮಾಡುವುದು ಅಲ್ಲಿನ ರೂಢಿ. ಹೀಗಾಗಿ ಹಳೆಯ ಹೆಸರಿನ ಕ್ಲಾಸು ತನ್ನ ಅನೋಟೇಶನ್ನಿನೊಂದಿಗೆ ಅಲ್ಲಿಯೇ ಉಳಿದಿತ್ತು. ಫೋಲ್ಡರನ್ನು ಪೂರ್ತಿ ಅಳಿಸಿ, ಹೊಸದಾಗಿ ಕಟ್ಟಿದ ವಾರ್ ಕಡತ ಹಾಕಲು ಹತ್ತು ನಿಮಿಷವೂ ಹಿಡಿಯಲಿಲ್ಲ. ವೆಬ್.ಎಕ್ಸ್‌ಎಂಎಲ್‌ನಲ್ಲಿ ಮೆಟಾಡೇಟಾ-ಕಂಪ್ಲೀಟ್ ಎಂಬುದನ್ನು ‘ಟ್ರೂ’ ಮಾಡಿ ಅನೋಟೇಶನ್‌ಗಳನ್ನೇ ಕಡೆಗಣಿಸುವಂತೆ ಮಾಡೋಣವೆಂದು ಅವನು ಕೇಳಿದ್ದ. ಬೇಡವೆಂದೆ, ಹಾಗೆ ಮಾಡಿದರೆ ಅನೋಟೇಶನ್ನನ್ನೇ ನಂಬಿರುವ ಉಳಿದ ಸರ್ವ್‌ಲೆಟ್‌ಗಳೂ, ಕೋರಿಕೆಗಳನ್ನು ದಾರಿಯಲ್ಲೇ ತಪಾಸಣೆ ಮಾಡುವ ಫಿಲ್ಟರ್‌ಗಳೂ ಸದ್ದಿಲ್ಲದೆ ಮಾಯವಾಗುತ್ತವೆ.

ಈ ದೋಷ ಬಳಕೆಯ ನಡುವೆ ತಲೆಹಾಕುವಂಥದ್ದಲ್ಲ, ಅಪ್ಲಿಕೇಶನ್ ಶುರುವಾಗುವ ಹೊತ್ತಿಗೇ ಕಾಣಿಸುತ್ತದೆ. ಆದ್ದರಿಂದ ಸಾರ್ವಜನಿಕ ಸೇವೆಯ ತಂತ್ರಾಂಶ ನಿರ್ವಹಿಸುವವರು ಹೊಸ ಆವೃತ್ತಿಯನ್ನು ಕಚೇರಿ ಮುಚ್ಚಿದ ಮೇಲೆ ಹಾಕಿ, ಲಾಗ್ ಓದಿ, ಒಂದೆರಡು ಪುಟ ತೆರೆದು ನೋಡಿಯೇ ಮನೆಗೆ ಹೋಗಲಿ. ಹಿಂದಿನ ವಾರ್ ಕಡತವನ್ನು ಕೈಗೆ ಸಿಗುವಂತೆ ಇಟ್ಟುಕೊಳ್ಳಲಿ. ಸಂಬಂಧಪಟ್ಟ ಅಧಿಕಾರಿಗಳು ನಿರ್ವಹಣೆಯ ಕರಾರಿನಲ್ಲೇ ಇದನ್ನು ಬರೆಸಬೇಕೆಂದು, ಚೀಟಿ ಅಂಟಿಸಲೇಬೇಕಾದ ದಿನ ಏನು ನಿಂತಿದೆ, ಯಾವ ಹೊತ್ತಿಗೆ ಸರಿಹೋಗುತ್ತದೆ ಎಂಬುದನ್ನು ಅದರಲ್ಲಿ ಬರೆಸಬೇಕೆಂದು ಕೋರುತ್ತೇನೆ.

– ಕಂಪ್ಯೂಟರ್ ವಿಜ್ಞಾನದ ಉಪನ್ಯಾಸಕ, ಹಾಸನ