ಜನಾಂಗಹತ್ಯೆಯ ಪಾಠ: ಶಿಕ್ಷಕರಿಗೆ ಒಂದು ದಿನದ ಕಾರ್ಯಾಗಾರ ಸಾಲದು

ಮಾನ್ಯ ಸಂಪಾದಕರೇ,

ಪ್ರೌಢಶಾಲೆಯ ಪಠ್ಯದಲ್ಲಿ ಜನಾಂಗಹತ್ಯೆಯ ಇತಿಹಾಸ ಇರಬೇಕೇ ಬೇಡವೇ, ಇದ್ದರೆ ಯಾವ ದೇಶದ್ದು, ಎಷ್ಟು ಪುಟ ಎಂಬ ಚರ್ಚೆ ಆಗಾಗ ಏಳುತ್ತದೆ. ಆದರೆ ಅದನ್ನು ಹದಿನಾಲ್ಕು, ಹದಿನೈದರ ಮಕ್ಕಳೆದುರು ನಿಂತು ಹೇಳಬೇಕಾದ ಶಿಕ್ಷಕರಿಗೆ ಯಾವ ತಯಾರಿ ಬೇಕು ಎಂಬ ಪ್ರಶ್ನೆ ಆ ಚರ್ಚೆಯ ಅಂಚಿಗೂ ಬರುವುದಿಲ್ಲ. ಅಮೆರಿಕದ ಇಲಿನಾಯ್ ರಾಜ್ಯವು ನಾಜಿಗಳು ನಡೆಸಿದ ಯಹೂದಿಗಳ ಸಾಮೂಹಿಕ ಹತ್ಯೆಯಾದ ಹಾಲೊಕಾಸ್ಟ್‌ನ ಬೋಧನೆಯನ್ನು 1990ರಲ್ಲಿ ಕಡ್ಡಾಯಗೊಳಿಸಿ, 2005ರಲ್ಲಿ ಅದನ್ನು ಇತರ ಜನಾಂಗಹತ್ಯೆಗಳಿಗೂ ವಿಸ್ತರಿಸಿತು. ಬೇರೆ ಹಲವು ರಾಜ್ಯಗಳಲ್ಲೂ ಇಂಥ ಕಾನೂನುಗಳು ಬಂದಿವೆ. ಕಾನೂನಿನಿಂದ ವೇಳಾಪಟ್ಟಿಯಲ್ಲಿ ಒಂದು ಪೀರಿಯಡ್ ಸಿಗುತ್ತದೆ, ಅಷ್ಟೆ. ಆ ಪೀರಿಯಡ್ಡಿನಲ್ಲಿ ಏನಾಗುತ್ತದೆ ಎಂಬುದು ಶಿಕ್ಷಕರಿಗೆ ಸಿಕ್ಕ ತರಬೇತಿಯನ್ನು ಅವಲಂಬಿಸಿರುತ್ತದೆ.

ನಾನು ಕಂಡ ಹೆಚ್ಚಿನ ತರಬೇತಿಗಳು ಒಂದೇ ದಿನದವು. ಬೆಳಿಗ್ಗೆ ಉಪನ್ಯಾಸ, ಮಧ್ಯಾಹ್ನ ಸಾಕ್ಷ್ಯಚಿತ್ರ, ಸಂಜೆ ಪ್ರಮಾಣಪತ್ರ. ಶಿಕ್ಷಕರು ಪೆನ್‌ಡ್ರೈವ್ ತುಂಬ ಸ್ಲೈಡುಗಳನ್ನು ಹೊತ್ತು ಮರಳುತ್ತಾರೆ. ಅವುಗಳಲ್ಲಿ ಸತ್ತವರ ಸಂಖ್ಯೆ ಮತ್ತು ಹೆಣಗಳ ರಾಶಿಯ ಚಿತ್ರಗಳೇ ಹೆಚ್ಚು. ಅಂಥ ಚಿತ್ರಗಳಲ್ಲಿ ಎಷ್ಟೋ ಕೊಂದವರ ಕಡೆಯವರೇ ತೆಗೆದವು ಎಂಬುದನ್ನು ಅವರಿಗೆ ಯಾರೂ ಹೇಳಿರುವುದಿಲ್ಲ. ತರಗತಿಯಲ್ಲಿ ಆ ಚಿತ್ರ ತೆರೆಯ ಮೇಲೆ ಬಂದಾಗ ಹಿಂದಿನ ಬೆಂಚಿನಿಂದ ನಗು ಕೇಳಿಸಿದರೆ ಅದು ಕ್ರೌರ್ಯವೋ ಗಾಬರಿಯೋ (ನನ್ನ ಮಟ್ಟಿಗೆ ಬಹುಪಾಲು ಗಾಬರಿಯೇ), ಆಗ ಪಾಠ ನಿಲ್ಲಿಸಬೇಕೋ ಮುಂದುವರಿಸಬೇಕೋ ಎಂಬುದು ಯಾವ ಸ್ಲೈಡಿನಲ್ಲೂ ಇರುವುದಿಲ್ಲ.

ಚಿತ್ರಗಳ ಬದಲು ತರಬೇತಿಯಲ್ಲಿ ಒಂದು ಸಣ್ಣ ದಾಖಲೆಯನ್ನು ಶಿಕ್ಷಕರ ಕೈಗೆ ಕೊಟ್ಟು ನೋಡಬೇಕು. ರುವಾಂಡದ ಹಳೆಯ ಗುರುತಿನ ಚೀಟಿಯನ್ನೇ ತೆಗೆದುಕೊಳ್ಳಿ. ಅದರಲ್ಲಿ ಹುಟು, ಟುಟ್ಸಿ, ಟ್ವಾ ಎಂದು ಅಲ್ಲಿನ ಮೂರು ಸಮುದಾಯಗಳ ಹೆಸರು ಮುದ್ರಿಸಿದ ಒಂದು ಸಾಲಿದೆ. ಅನ್ವಯಿಸದವುಗಳನ್ನು ಗುಮಾಸ್ತ ಗೀಟೆಳೆದು ಹೊಡೆದುಹಾಕುತ್ತಿದ್ದ. ಬೆಲ್ಜಿಯಂ ಆಡಳಿತ 1930ರ ದಶಕದಲ್ಲಿ ತಂದ ಈ ಪದ್ಧತಿಯನ್ನು 1962ರ ಸ್ವಾತಂತ್ರ್ಯದ ನಂತರವೂ ಯಾರೂ ಕೈಬಿಡಲಿಲ್ಲ. 1994ರ ಏಪ್ರಿಲ್‌ನಿಂದ ಸುಮಾರು ನೂರು ದಿನ ನಡೆದ ಟುಟ್ಸಿಗಳ ಹತ್ಯಾಕಾಂಡದಲ್ಲಿ ರಸ್ತೆ ತಡೆಗಳಲ್ಲಿ ನಿಂತವರು ಆ ಒಂದು ಸಾಲನ್ನು ಓದಿ ಯಾರನ್ನು ಬಿಡಬೇಕು, ಯಾರನ್ನು ಕೊಲ್ಲಬೇಕು ಎಂದು ತೀರ್ಮಾನಿಸಿದರು. ಈ ಚೀಟಿಯ ಮೇಲೆ ಮಕ್ಕಳಿಗೆ ಯಾವ ಪ್ರಶ್ನೆ ಕೇಳುವಿರಿ ಎಂದು ಶಿಕ್ಷಕರನ್ನೇ ಕೂರಿಸಿ ಬರೆಸಿದರೆ ಅರ್ಧ ದಿನ ಸಾಲುವುದಿಲ್ಲ. ಮುದ್ರಿಸಿದವನಿಗೆ ಏನು ಗೊತ್ತಿತ್ತು, ಗೀಟೆಳೆದ ಗುಮಾಸ್ತನ ಪಾಲು ಎಷ್ಟು, ಅರುವತ್ತು ವರ್ಷ ಅದನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದ ಜನಕ್ಕೆ ಅದು ಏಕೆ ಸಹಜವಾಗಿ ಕಂಡಿತು ಎಂಬಂಥ ಪ್ರಶ್ನೆಗಳು ಅಲ್ಲಿ ಹುಟ್ಟುತ್ತವೆ.

ಅದೇ ರುವಾಂಡದ ತಾಬಾ ಎಂಬ ಕಮ್ಯೂನಿನ (ಸ್ಥಳೀಯ ಆಡಳಿತ ಘಟಕದ) ಮುಖ್ಯಸ್ಥ ಜಾನ್ ಪಾಲ್ ಅಕಾಯೆಸು ಎಂಬವನ ವಿಚಾರಣೆಯೂ ಶಿಕ್ಷಕರು ಓದಲೇಬೇಕಾದದ್ದು. ಅಧಿಕಾರಕ್ಕೆ ಬರುವ ಮೊದಲು ಆತ ಶಿಕ್ಷಕನಾಗಿದ್ದ, ಶಾಲಾ ತನಿಖಾಧಿಕಾರಿಯೂ ಆಗಿದ್ದ. ಕೊಲೆಗಳು ಶುರುವಾದ ಮೊದಲ ದಿನಗಳಲ್ಲಿ ಹಿಂಸೆಯನ್ನು ತಡೆಯಲು ಯತ್ನಿಸಿದವನು ಏಪ್ರಿಲ್ 18ರಂದು ಹಂಗಾಮಿ ಸರ್ಕಾರದ ನಾಯಕರೊಡನೆ ನಡೆದ ಸಭೆಯ ನಂತರ ಬದಲಾದ. ಆಮೇಲೆ ತಾಬಾದಲ್ಲಿ ಶಿಕ್ಷಕರೂ ಕೊಲೆಯಾದರು. ಟಾಂಜಾನಿಯದ ಅರುಶಾದಲ್ಲಿ ಕುಳಿತ ಅಂತರರಾಷ್ಟ್ರೀಯ ನ್ಯಾಯಮಂಡಳಿ 1998ರ ಸೆಪ್ಟೆಂಬರ್ 2ರಂದು ಆತನನ್ನು ಅಪರಾಧಿ ಎಂದು ಘೋಷಿಸಿತು. ಜನಾಂಗಹತ್ಯೆಗಾಗಿ ಅಂತರರಾಷ್ಟ್ರೀಯ ನ್ಯಾಯಾಲಯವೊಂದು ನೀಡಿದ ಮೊದಲ ತೀರ್ಪು ಅದು. ಕೊಂದವರೆಲ್ಲ ರಾಕ್ಷಸರು ಎಂದು ಹೇಳಿ ಪಾಠ ಮುಗಿಸುವುದು ಸುಲಭ. ಆ ಕೆಲವು ದಿನಗಳಲ್ಲಿ ಈ ಮನುಷ್ಯನ ಮುಂದೆ ಯಾವ ಆಯ್ಕೆಗಳಿದ್ದವು ಎಂದು ಹುಡುಕುವುದು ಕಷ್ಟ, ಮತ್ತು ಆ ಹುಡುಕಾಟ ಆತನಿಗೆ ವಿನಾಯಿತಿ ಕೊಟ್ಟಂತೆ ಕಾಣದ ಹಾಗೆ ತರಗತಿಯನ್ನು ನಡೆಸುವುದು ಇನ್ನೂ ಕಷ್ಟ. ತರಬೇತಿ ಬೇಕಿರುವುದು ಇಲ್ಲಿಯೇ.

ಕಾನೂನಿನ ತಿಳಿವಳಿಕೆಯ ಕೊರತೆಯೂ ತರಗತಿಯಲ್ಲಿ ಬೇಗ ಬಯಲಾಗುತ್ತದೆ. 1948ರ ಡಿಸೆಂಬರ್ 9ರಂದು ವಿಶ್ವಸಂಸ್ಥೆ ಅಂಗೀಕರಿಸಿದ ಒಪ್ಪಂದವು ರಾಷ್ಟ್ರೀಯ, ಬುಡಕಟ್ಟು, ಜನಾಂಗೀಯ ಅಥವಾ ಧಾರ್ಮಿಕ ಗುಂಪೊಂದನ್ನು ಪೂರ್ಣವಾಗಿ ಅಥವಾ ಭಾಗಶಃ ನಾಶಮಾಡುವ ಉದ್ದೇಶವನ್ನೇ ಅಪರಾಧದ ತಿರುಳಾಗಿ ಇಟ್ಟಿದೆ. ರಾಜಕೀಯ ಗುಂಪುಗಳು ಅದರಲ್ಲಿಲ್ಲ. ಕಾಂಬೋಡಿಯದಲ್ಲಿ ಖ್ಮೇರ್ ರೂಜ್ ಎಂಬ ಕಮ್ಯುನಿಸ್ಟ್ ಗುಂಪಿನ ಆಡಳಿತದಲ್ಲಿ 1975ರಿಂದ 1979ರ ನಡುವೆ ಸುಮಾರು 17 ಲಕ್ಷ ಜನ ಸತ್ತರೆಂಬ ಅಂದಾಜಿದ್ದರೂ, 2018ರಲ್ಲಿ ಅಲ್ಲಿನ ವಿಶೇಷ ನ್ಯಾಯಾಲಯವು ಜನಾಂಗಹತ್ಯೆಯ ಅಪರಾಧವನ್ನು ಎತ್ತಿಹಿಡಿದದ್ದು ವಿಯೆಟ್ನಾಮಿ ಮತ್ತು ಚಾಮ್ (ಮುಸ್ಲಿಂ) ಎಂಬ ಅಲ್ಪಸಂಖ್ಯಾತ ಸಮುದಾಯಗಳ ವಿಷಯದಲ್ಲಿ ಮಾತ್ರ. ಹಾಗಾದರೆ ಉಳಿದವರ ಸಾವು ಕಡಿಮೆಯದೇ ಎಂದು ಒಬ್ಬ ವಿದ್ಯಾರ್ಥಿ ಕೇಳಿಯೇ ಕೇಳುತ್ತಾಳೆ. ಉಳಿದವರ ಕೊಲೆಗೆ ಅನ್ವಯಿಸಿದ ಮಾನವತೆಯ ವಿರುದ್ಧದ ಅಪರಾಧ ಎಂಬುದು ಕೆಳದರ್ಜೆಯ ಅಪರಾಧವಲ್ಲ, ಕಾನೂನಿನ ವರ್ಗೀಕರಣ ಸಂಕಟದ ಶ್ರೇಣಿಯಲ್ಲ ಎಂದು ತಡವರಿಸದೆ ಉತ್ತರಿಸಬಲ್ಲ ಶಿಕ್ಷಕರು ಎಷ್ಟು ಮಂದಿ?

ಅಣಕು ಪ್ರಯೋಗದ ಬಗ್ಗೆಯೂ ಒಂದು ಮಾತು. ತರಗತಿಯನ್ನು ಪೀಡಕರು, ಪೀಡಿತರು ಎಂದು ಎರಡಾಗಿ ಒಡೆದು ಅಭಿನಯಿಸುವ ಚಟುವಟಿಕೆಗಳನ್ನು ಕೆಲವರು ಒಳ್ಳೆಯ ಉದ್ದೇಶದಿಂದಲೇ ನಡೆಸುತ್ತಾರೆ. ವಾಷಿಂಗ್ಟನ್ನಿನ ಹಾಲೊಕಾಸ್ಟ್ ಸ್ಮಾರಕ ವಸ್ತುಸಂಗ್ರಹಾಲಯದ ಬೋಧನಾ ಮಾರ್ಗಸೂಚಿಯು ಇದು ಬೇಡವೆಂದೇ ಹೇಳುತ್ತದೆ. ಮಕ್ಕಳಿಗೆ ಅದು ಕೊನೆಗೆ ಆಟವಾಗಿ ಉಳಿಯುತ್ತದೆ.

ಕಾಂಬೋಡಿಯದಲ್ಲಿ ಈ ಇತಿಹಾಸದ ಪಠ್ಯಪುಸ್ತಕ 2007ರಲ್ಲಿ ಬಂದಿತು. ಅದರ ಬೆನ್ನಿಗೆ ಶಿಕ್ಷಕರ ತರಬೇತಿಯೂ ನಡೆಯಿತು. ಆ ಶಿಕ್ಷಕರಲ್ಲಿ ಅನೇಕರು ಆ ವರ್ಷಗಳನ್ನು ತಾವೇ ಬದುಕಿ ದಾಟಿದವರು. ಅಂಥ ಅನುಭವವಿಲ್ಲದ ಕಡೆಯಲ್ಲೂ ಶಿಕ್ಷಕರು ತಮ್ಮ ಸಮುದಾಯ, ತಮ್ಮ ಮನೆಯ ಮಾತು, ತಮ್ಮ ಪೂರ್ವಗ್ರಹಗಳೊಡನೆಯೇ ತರಗತಿಗೆ ಹೋಗುತ್ತಾರೆ. ಅದನ್ನು ಸಹೋದ್ಯೋಗಿಗಳ ನಡುವೆ ಮೊದಲು ಆಡಿ ಹಗುರಾಗಲು ತರಬೇತಿಯಲ್ಲಿ ಸಮಯವಿರಬೇಕು.

ಆದ್ದರಿಂದ ತರಬೇತಿಯನ್ನು ಶಾಲಾ ವರ್ಷದ ಉದ್ದಕ್ಕೂ ಹರಡಬೇಕೆಂಬುದು ನನ್ನ ಮನವಿ. ಆರಂಭದಲ್ಲಿ ಮೂರು ದಿನ ದಾಖಲೆಗಳ ಓದು, ನಂತರ ತರಗತಿಯಲ್ಲಿ ಪಾಠ, ಆಮೇಲೆ ಮಕ್ಕಳು ಬರೆದ ಉತ್ತರಗಳನ್ನು ಎದುರಿಗಿಟ್ಟುಕೊಂಡು ಅದೇ ಗುಂಪಿನ ಮರುಭೇಟಿ. ಆ ಮೂರು ದಿನಗಳಲ್ಲಿ ಅರ್ಧ ದಿನವಾದರೂ ಮುಖ್ಯೋಪಾಧ್ಯಾಯರು ಹಾಜರಿರಬೇಕು, ಏಕೆಂದರೆ ಇಂಥ ಪಾಠ ನಮ್ಮ ಮಕ್ಕಳಿಗೇಕೆ ಎಂದು ಪೋಷಕರು ಬಂದಾಗ ಮೊದಲು ಉತ್ತರ ಕೊಡಬೇಕಾದವರು ಅವರು.

ಇತಿ,
ಒಬ್ಬ ಪ್ರೌಢಶಾಲಾ ಇತಿಹಾಸ ಶಿಕ್ಷಕಿ